ಬಾಳೆದಿಂಡಿಗೆ ನೆಟ್ಟ ಅರದ ಚೂರು

ಹೆದರಿಕೆ ಕೆಲವರಿಗೆ ಹೊತ್ತಿಗೆ ಸರಿಯಾಗಿ ಬರುತ್ತದೆ. ಹಾವು ಕಂಡ ಕೂಡಲೇ ಹಾರುತ್ತಾರೆ, ಹಾರಿದ ಮೇಲೆ ಮರೆತು ಊಟಕ್ಕೆ ಕೂರುತ್ತಾರೆ. ನನ್ನ ಹೆದರಿಕೆ ಹಾಗಲ್ಲ. ಅದು ಯಳಂದೂರಿನಿಂದ ಬೆಟ್ಟಕ್ಕೆ ಹೋಗುವ ಬಸ್ಸಿನಂತೆ. ಬರಬೇಕಾದಾಗ ಬರುವುದಿಲ್ಲ, ಬಂದಾಗ ಕಾಲಿಡಲು ಜಾಗವಿಲ್ಲದಷ್ಟು ತುಂಬಿಕೊಂಡು ಬರುತ್ತದೆ. ನಮ್ಮ ಹಿತ್ತಲಿನಲ್ಲಿ ಆ ಅನಾಹುತ ಕೂದಲೆಳೆಯಲ್ಲಿ ತಪ್ಪಿದಾಗ ನಾನು ಹೆದರಲೇ ಇಲ್ಲ. ಕುರ್ಚಿಯ ಮೇಲೆ ಕೂತು ಆಮ್ಲಗಳ ಬಗ್ಗೆ ಮಾತನಾಡುತ್ತಿದ್ದವನು, ವಾಕ್ಯ ಮುಗಿಸಿಯೇ ತಿರುಗಿ ನೋಡಿದೆ. ಹೆದರಿಕೆ ಶುರುವಾದದ್ದು ಮಧ್ಯಾಹ್ನ, ಅನ್ನಕ್ಕೆ ಸಾರು ಹಾಕಿಸಿಕೊಳ್ಳುವಾಗ. ಇವತ್ತಿನವರೆಗೂ ಅದು ಪೂರ್ತಿ ಹೋಗಿಲ್ಲ.

ನಡೆದದ್ದು ಇಷ್ಟು. ಆಯುಧಪೂಜೆ ಹತ್ತಿರ ಬಂದಿತ್ತು. ನನ್ನ ಹೆಂಡತಿ ಮಂಗಳಾಳ ತಮ್ಮ ಮಾದೇವ ಹೊನ್ನೂರಿನಿಂದ ಒಂದು ಗೋಣಿಚೀಲ ಹೊತ್ತು ತಂದು ನಮ್ಮ ಹಿತ್ತಲಿನಲ್ಲಿ ಸುರಿದ. ಬಿದ್ದದ್ದು ಅರಗಳು, ಕಬ್ಬಿಣ ಉಜ್ಜುವ ಅರಗಳು. ತೀರಿಹೋದ ನನ್ನ ಮಾವನವರು ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದರು. ಕಬ್ಬು ಕಡಿಯುವ ಕಾಲಕ್ಕೆ ಊರವರ ಕುಡುಗೋಲು, ಮಚ್ಚುಗಳಿಗೆ ಇದೇ ಅರ ಹಾಕಿ ಹರಿತ ಮಾಡಿಕೊಡುತ್ತಿದ್ದರು. ಚಪ್ಪಟೆಯವು, ಮೂರು ಮೂಲೆಯವು, ಇಲಿಬಾಲದಂಥ ಗುಂಡನೆಯವು, ಎಲ್ಲವೂ ಈಗ ಒಂದೇ ಬಣ್ಣಕ್ಕೆ ತಿರುಗಿದ್ದವು. ಹಲ್ಲುಗಳ ಸಂದಿಯಲ್ಲಿ ತುಕ್ಕು ಎಷ್ಟು ತುಂಬಿತ್ತೆಂದರೆ ಕೈಯಾಡಿಸಿದರೆ ರಾಗಿ ರೊಟ್ಟಿ ಸವರಿದಂತಾಗುತ್ತಿತ್ತು.

"ಒಸ ಅರ ಒಂದ್ ಮಚ್ಚಿಗೇ ಬೋಳಾಯ್ತದೆ ಬಾವ. ಅಪ್ಪನ್ವು ಅಂಗಲ್ಲ. ನೀವು ಸೈನ್ಸ್ ಓದಿದ್ದೀರಲ್ಲ, ಏನಾರ ಮಾಡಿ ಉಳುಸ್ಕೊಡಿ" ಎಂದ ಮಾದೇವ.

ಈ ಮಾತಿಗೆ ನಾನು ಕರಗಿಹೋದೆ. ದಿನಾ ಕೊಳ್ಳೇಗಾಲದ ಬಸ್ಸಿನಲ್ಲಿ ಕಂಬಿಗೆ ಜೋತುಬಿದ್ದು ಓದಿ ಸಂಪಾದಿಸಿದ ಬಿ.ಎಸ್ಸಿ. ಡಿಗ್ರಿ ನನ್ನ ಕಚೇರಿ ಕೆಲಸದಲ್ಲಿ ಒಂದು ಸಲವೂ ಉಪಯೋಗಕ್ಕೆ ಬಂದಿರಲಿಲ್ಲ. ಮಾದೇವ ಅಂಗಡಿಯಿಂದ ಕಕ್ಕಸು ತೊಳೆಯುವ ಆ್ಯಸಿಡ್ ತರುತ್ತೇನೆಂದು ಹೊರಟಾಗ ತಡೆದವನೂ ನಾನೇ. "ಬೇಡಪ್ಪ, ಕಣ್ಣಿಗೆ ಹಾರಿದರೆ ಗತಿಯೇನು?" ಎಂದೆ. ಗಮನಿಸಿ, ಕಣ್ಣಿನ ಮಾತನ್ನು ಆಡಿದವನು ನಾನು. ಅಪಾಯವಿಲ್ಲದ ದಾರಿ ಯಾವುದೆಂದು ಯೋಚಿಸಿದಾಗ ದೇವರ ಮನೆಯ ಹಿತ್ತಾಳೆ ದೀಪಗಳು ನೆನಪಾದವು. ಅವು ಹುಣಸೆಹಣ್ಣಿನಲ್ಲಿ ಹೊಳೆಯುವುದಾದರೆ ಅರ ಯಾಕೆ ಹೊಳೆಯಬಾರದು? ಹುಳಿ ಎಲ್ಲಿದ್ದರೂ ಹುಳಿಯೇ. ಮಂಗಳಾ ಸಂತೆಗೆ ಹೋಗಿದ್ದ ಹೊತ್ತಿನಲ್ಲಿ ಅಡುಗೆಮನೆಯ ಜಾಡಿಗೆ ಕೈಹಾಕಿ ಸಿಕ್ಕಷ್ಟನ್ನು ಕಿವುಚಿ, ಬಕೆಟ್ಟಿನಲ್ಲಿ ಅರಗಳನ್ನು ಮುಳುಗಿಸಿಟ್ಟೆ.

ಮರುದಿನ ಬೆಳಿಗ್ಗೆ ಅರ ಎತ್ತಿ ನೋಡಿದರೆ ತುಕ್ಕು ಕರಿ ಕೆಸರಾಗಿ ಸಡಿಲಗೊಂಡಿತ್ತು. ಮಾದೇವ ಒಗೆಯುವ ಕಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ತಂತಿ ಬ್ರಷ್ಷಿನಿಂದ ಹಲ್ಲಿನ ಓರೆಗೆ ಉಜ್ಜುತ್ತಿದ್ದ. ನಾನು ಕುರ್ಚಿಯಲ್ಲಿ ಕೂತು, ಹುಣಸೆಯಲ್ಲಿರುವುದು ಯಾವ ಆಮ್ಲ, ಅದು ತುಕ್ಕನ್ನು ಹೇಗೆ ತಿನ್ನುತ್ತದೆ ಎಂದು ವಿವರಿಸುತ್ತಿದ್ದೆ. ಮಂಗಳಾ ಪಾತ್ರೆ ತೊಳೆಯಲು ಬಂದವಳು ಬಕೆಟ್ಟಿನೊಳಗೆ ಬಗ್ಗಿ ನೋಡಿದಳು.

"ಇದು ನಾನು ಮುಳ್ಳೂರಿಂದ ತರ್ಸಿದ್ದ ವರ್ಷದ ಹುಣ್ಸೇಹಣ್ಣಲ್ವೇನ್ರೀ? ಸಾರಿಗೆ ನೆಲ್ಲಿಕಾಯಷ್ಟು ಹಾಕಕ್ಕೆ ನಾನು ಯೋಚ್ನೆ ಮಾಡ್ತೀನಿ. ನೀವು ಕಬ್ಬಿಣಕ್ಕೆ ಔತಣ ಮಾಡಿದ್ದೀರಲ್ಲ."

"ಇಷ್ಟ್ ವರ್ಸದಿಂದ ನಿನ್ ಸಾರು ಉಂಡು ಬಾವ ಏನ್ ಚೂಪಾದ್ರು ಬುಡಕ್ಕ. ಅರಾನಾದ್ರೂ ಚೂಪಾಗ್ಲಿ" ಎಂದ ಮಾದೇವ.

"ನೀನು ಸುಮ್ಕಿರ್ಲಾ. ಇವ್ರಿಗೆ ತಾಳ ಹಾಕಕ್ಕೆ ಬಂದ್ಬುಟ್ಟ."

ಕೊಳೆಯಾದದ್ದನ್ನು ಕಲ್ಲಿಗೆ ಬಡಿಯುವುದು ನಮ್ಮ ಕಡೆಯ ಕೈಗಳಿಗೆ ಹುಟ್ಟಿನಿಂದ ಬಂದ ಅಭ್ಯಾಸ. ಬಟ್ಟೆ ಬಡಿಯುತ್ತೇವೆ, ಭತ್ತ ಬಡಿಯುತ್ತೇವೆ, ಸೊಪ್ಪಿನ ಬೇರಿನ ಮಣ್ಣನ್ನು ಬಡಿದು ಉದುರಿಸುತ್ತೇವೆ. ಸಂದಿಯ ಕೆಸರು ಬರಲಿಲ್ಲವೆಂದು ಬೇಸತ್ತ ಮಾದೇವ ಚಪ್ಪಟೆ ಅರವನ್ನೆತ್ತಿ ಒಗೆಯುವ ಕಲ್ಲಿಗೆ ಒಂದು ಬಿಟ್ಟ. ಕಬ್ಬಿಣದ ಸದ್ದು ಬರಲಿಲ್ಲ, ಗಾಜು ಒಡೆದ ಸದ್ದು ಬಂತು. ಅವನ ಕೈಯಲ್ಲಿ ಅರ್ಧ ಅರ ಉಳಿದಿತ್ತು. ಅದೇ ಗಳಿಗೆಯಲ್ಲಿ ಮಂಗಳಾ, ನಾನು ಹಿಂದಿನ ದಿನ ಕಿವುಚಿ ಕೆಳಗೆ ಸುರಿದಿದ್ದ ಹುಣಸೆಯ ಚರಟದಲ್ಲಿ ದೀಪ ಉಜ್ಜುವಷ್ಟಾದರೂ ಉಳಿದಿದೆಯೇ ಎಂದು ಬಗ್ಗಿದ್ದಳು. ಮುಷ್ಟಿ ತುಂಬಾ ಬಾಚಿಕೊಂಡು, ಬೈಗುಳ ನಿಲ್ಲಿಸದೆಯೇ ಮೇಲೆದ್ದಳು. "ಅದೇನದು, ತಲೆ ಮೇಲೆ ದುಂಬಿ ಹೋದಂಗಾಯ್ತು?" ಎಂದಳು.

ಅವಳ ಹಿಂದೆ ಬಾಳೆಗಿಡವಿತ್ತು. ಅದರ ದಿಂಡಿಗೆ, ನೆಟ್ಟಗೆ ನಿಂತರೆ ಅವಳ ಕಣ್ಣಿಗೆ ಸಮನಾದ ಎತ್ತರದಲ್ಲಿ, ಅರದ ಉಳಿದ ಚೂರು ನೆಟ್ಟುಕೊಂಡಿತ್ತು. ಗಾಯದಿಂದ ನೀರಿನಂಥ ರಸ ಇಳಿಯುತ್ತಿತ್ತು.

ಮಾದೇವ ಕೈಯಲ್ಲಿದ್ದುದನ್ನು ಮೆಲ್ಲಗೆ ಕೆಳಗಿಟ್ಟ. "ಅಕ್ಕ, ಒಸಿ ಇಂಗ್ ತಿರುಗು" ಎಂದು ಅವಳ ಗಲ್ಲ ಹಿಡಿದು ಒಂದು ಕಣ್ಣು ನೋಡಿದ, ಇನ್ನೊಂದು ಕಣ್ಣು ನೋಡಿದ, ಮತ್ತೆ ಮೊದಲಿನದನ್ನೇ ನೋಡಿದ. ಆಮೇಲೆ ಕಲ್ಲಿನ ಮೇಲೆ ಕೂತು ಅಳತೊಡಗಿದ.

"ನೆಟ್ಟಗಿದ್ದೀನಿ ಕಣ್ಲಾ. ಅಳ್ಬ್ಯಾಡ. ಮಚ್ಚು ಹಿಡಿಯೋ ಗಂಡ್ಸು" ಎಂದಳು ಮಂಗಳಾ. ಅವಳ ಮುಷ್ಟಿ ಮಾತ್ರ ಹುಣಸೆಯನ್ನು ಬಿಟ್ಟಿರಲಿಲ್ಲ.

ಬೇರೆ ಕಬ್ಬಿಣವನ್ನು ತಿನ್ನಬೇಕಾದ್ದರಿಂದ ಅರವನ್ನು ಕಾಯಿಸಿ, ತಣಿಸಿ, ಮಿತಿಮೀರಿ ಗಡಸು ಮಾಡಿರುತ್ತಾರೆ. ಹಾಗೆ ಗಡಸಾದದ್ದು ಬಾಗುವುದನ್ನು ಮರೆತುಬಿಡುತ್ತದೆ; ಒಂದು ಏಟಿಗೆ ಗಾಜಿನಂತೆ ಹೋಗುತ್ತದೆ. ಅಂಥ ಮೇಲಧಿಕಾರಿಗಳನ್ನೂ ನಾನು ಕಂಡಿದ್ದೇನೆ. ಇದೆಲ್ಲ ನನಗೆ ಗೊತ್ತಿತ್ತು. ಆದರೆ ಆ ಹೊತ್ತಿಗೆ ನಾನಿನ್ನೂ ಆಮ್ಲದ ಪಾಠದಲ್ಲಿದ್ದೆ, ಲೋಹದ ಪಾಠಕ್ಕೆ ಬಂದಿರಲಿಲ್ಲ.

ಆಮೇಲಿನ ದಿನಗಳಲ್ಲಿ ನನಗೊಂದು ಹೊಸ ಕೆಲಸ ಹತ್ತಿಕೊಂಡಿತು. ಕಚೇರಿಯಿಂದ ಬಂದವನು ಕಾಫಿ ಲೋಟ ಹಿಡಿದು ಹಿತ್ತಲಿಗೆ ಹೋಗುತ್ತಿದ್ದೆ. ಕಲ್ಲಿನಿಂದ ಬಾಳೆಗಿಡದವರೆಗೆ ಹುರಿ ಹಿಡಿದು, ನಡುವೆ ಮಂಗಳಾಳ ಬದಲಿಗೆ ಪೊರಕೆ ನಿಲ್ಲಿಸಿ ನೋಡುತ್ತಿದ್ದೆ. ಹುರಿ ಪ್ರತಿಸಲವೂ ಪೊರಕೆಗೆ ತಾಕುತ್ತಿತ್ತು. ಅವಳು ಬಗ್ಗದಿದ್ದರೆ? ಜಾಡಿಯಲ್ಲಿ ಹುಣಸೆ ಇಲ್ಲದಿದ್ದರೆ? ಅವಳ ಕೈ ಬಿಗಿಯೆಂದು ನಾನು ಎಷ್ಟೋ ಸಲ ಆಡಿಕೊಂಡು ನಕ್ಕಿದ್ದೆ. ಆ ಬಿಗಿತವೇ ಅವಳ ಕಣ್ಣು ಉಳಿಸಿತು. ಪೊರಕೆಯ ಎತ್ತರ ಸರಿಯಿಲ್ಲವೆನ್ನಿಸಿ ಒಂದು ದಿನ, "ಒಂದು ನಿಮಿಷ ಅಲ್ಲೇ ಬಂದು ನಿಂತ್ಕೋತೀಯಾ?" ಎಂದು ಅವಳನ್ನೇ ಕೇಳಿದೆ.

"ಒಂದ್ಸಲ ತಪ್ಪಿಸ್ಕೊಂಡೆ ಅಂತ ಬೇಜಾರಾ ನಿಮ್ಗೆ?" ಎಂದು ಕೇಳಿ ಒಳಗೆ ಹೋದಳು.

ಉಳಿದ ಅರಗಳನ್ನು ಮಾದೇವ ಮಕ್ಕಳಿಗೆ ತಲೆ ಬಾಚುವಷ್ಟು ಮೆಲ್ಲಗೆ ಉಜ್ಜಿ ಮುಗಿಸಿದ. ಹುಳಿ ಹೋಗಲೆಂದು ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಅದ್ದಿ, ಬಿಸಿಲಿಗೆ ಒಣಗಿಸಿ, ಕಬ್ಬಿಣದ ಪುಡಿ ಕಚ್ಚಿಕೊಳ್ಳದಿರಲೆಂದು ಹಲ್ಲುಗಳಿಗೆ ಸೀಮೆಸುಣ್ಣ ತಿಕ್ಕಿದೆವು. ಹಲ್ಲು ಹಲ್ಲಾಗಿ ಕಂಡವು, ಬೆರಳಿಟ್ಟರೆ ಕಚ್ಚಿದವು. ಅಷ್ಟು ತುಕ್ಕು ಹೇಗೆ ಹಿಡಿಯಿತು ಎಂಬುದೂ ಆಗಲೇ ಬಯಲಾಯಿತು. ಅಪ್ಪ ಹೋದ ಮೇಲೆ ಮಾದೇವ ಅವನ್ನು ಮುಟ್ಟುತ್ತಿದ್ದುದೇ ವರ್ಷಕ್ಕೊಮ್ಮೆ, ಆಯುಧಪೂಜೆಗೆ. ಚೆನ್ನಾಗಿ ನೀರಲ್ಲಿ ತೊಳೆದು, ವಿಭೂತಿ ಬಳಿದು, ಕುಂಕುಮ ಇಟ್ಟು, ತೀರ್ಥ ಚಿಮುಕಿಸಿ, ಒದ್ದೆಯಲ್ಲೇ ಗೋಣಿಚೀಲಕ್ಕೆ ತುಂಬಿ ಕಟ್ಟಿಡುತ್ತಿದ್ದ. ತುಕ್ಕೆಲ್ಲ ಭಕ್ತಿಯದೇ.

"ದೇವ್ರನ್ನೇ ಅಭಿಷೇಕ ಆದ್ಮೇಲೆ ಒರಸ್ತಾರೆ. ಅರಕ್ಕೊಂದು ಬಟ್ಟೆ ಇರ್ಲಿಲ್ವೇನ್ಲಾ?" ಎಂದು ಮಂಗಳಾ ಹಳೇ ಪಂಚೆ ಹರಿದು ಕೊಟ್ಟಳು. ಪಂಚೆ ನನ್ನದು.

ಆಯುಧಪೂಜೆಗೆ ಹೊನ್ನೂರಿಗೆ ಹೋದೆವು. ಅರಗಳನ್ನು ಸಾಲಾಗಿ ಇಟ್ಟಿದ್ದರು. ಮುರಿದ ಅರ್ಧಕ್ಕೂ ಒಂದು ಹೂವು ಬಿದ್ದಿತ್ತು. ಪೂಜೆ ಮುಗಿದ ಮೇಲೆ ಮಾದೇವ ಎಲ್ಲವನ್ನೂ ಒರೆಸಿ ಒಣಗಲು ಹಾಕಿ, ಟ್ರ್ಯಾಕ್ಟರ್ ಮುಂದೆ ಒಡೆಯಲು ಬೂದುಗುಂಬಳಕಾಯಿಯನ್ನು ತಲೆಯ ಮೇಲಕ್ಕೆತ್ತಿದ. ಎಲ್ಲರೂ ಕತ್ತು ನೀಳ ಮಾಡಿ ನೋಡುತ್ತಿದ್ದರು. ಕಾಯಿ ಅವನ ಕೈಬಿಟ್ಟದ್ದೇ ತಡ, ನಾನು ಮಂಡಿಯವರೆಗೆ ಬಗ್ಗಿಬಿಟ್ಟಿದ್ದೆ. ಕಣ್ಣು ಬಿಟ್ಟಾಗ ಕುಂಬಳಕಾಯಿ ಹೋಳಾಗಿತ್ತು. ಮಂಗಳಾ ಮಾತ್ರ ಪಕ್ಕದಲ್ಲಿ ನೆಟ್ಟಗೆ ನಿಂತು ನನ್ನನ್ನೇ ನೋಡುತ್ತಿದ್ದಳು.

"ಏನ್ರೀ ಹುಡುಕ್ತಿದ್ದೀರಿ?"

"ಹುಣಸೇಹಣ್ಣು" ಎಂದೆ.

ಜನ್ಮದಲ್ಲಿ ಮೊದಲ ಸಲ ನನ್ನ ಹೆದರಿಕೆ ಹೊತ್ತಿಗೆ ಸರಿಯಾಗಿ ಬಂದಿತ್ತು. ಆದರೆ ಆ ಬಸ್ಸಿನಲ್ಲಿ ಇದ್ದದ್ದು ಒಂದೇ ಸೀಟು. ಅದನ್ನು ನನಗಿಂತ ಮೊದಲು ಮಂಗಳಾ ಕಂಡುಕೊಂಡಳು.

"ಇಷ್ಟು ದಿನ ಹುರಿ ಹಿಡ್ದು ಅಳೆದಿದ್ದು ನನ್ನ ಕಣ್ಣಿಗೆ" ಎಂದಳು. "ಬಗ್ಗೋದು ಬಗ್ಗಿದ್ರಿ, ನನ್ನನ್ನೂ ಒಂಚೂರು ಎಳ್ಕೊಂಡು ಬಗ್ಗಬಾರ್ದಾಗಿತ್ತಾ?"