ಸಂಗಪ್ಪನ ಬೈಕಿನ ಮೇಲೆ ನನ್ನ ಸುವಾರ್ತೆ

ಧೈರ್ಯದ ವಿಷಯದಲ್ಲಿ ನನಗೆ ಯಾವತ್ತೂ ಕೊರತೆ ಇರಲಿಲ್ಲ. ಅದನ್ನು ತೋರಿಸುವ ಸಂದರ್ಭ ಬಂದಿರಲಿಲ್ಲ, ಅಷ್ಟೇ. ಆದ್ದರಿಂದ ಆ ರವಿವಾರ ಚರ್ಚಿನಲ್ಲಿ ನಮ್ಮ ಸಭಾಪಾಲಕರು, "ಮುಂದಿನ ರವಿವಾರದೊಳಗೆ ಒಬ್ಬರಿಗಾದರೂ ತಮ್ಮ ನಂಬಿಕೆಯ ಬಗ್ಗೆ ಬಾಯಿಬಿಟ್ಟು ಹೇಳುವವರು ಯಾರು?" ಎಂದು ಕೇಳಿದಾಗ ಇಡೀ ಸಭೆಯಲ್ಲಿ ಮೊದಲು ಮೇಲೆದ್ದ ಕೈ ನನ್ನದು. ಹೆಂಗಸರ ಸಾಲಿನಿಂದ ನನ್ನ ಹೆಂಡತಿ ಸುಗುಣಾ ನನ್ನತ್ತ ನೋಡಿದಳು. ಒಲೆಯ ಮೇಲಿನ ಹಾಲು ಉಕ್ಕುವ ಮೊದಲು ನೋಡುತ್ತಾಳಲ್ಲ, ಹಾಗೆ.

ಸಭಾಪಾಲಕರ ಆ ದಿನದ ಪ್ರಸಂಗವೇ ಉತ್ಸಾಹದ ಮೇಲಿತ್ತು. ಸುವಾರ್ತೆಯನ್ನು ಹಂಚಿಕೊಳ್ಳುವ ಉತ್ಸಾಹ ಯಾಕೆ ಆರಿಹೋಗುತ್ತದೆ, ಅದನ್ನು ಉಳಿಸಿಕೊಳ್ಳುವುದು ಹೇಗೆ ಎಂದು ಬಹಳ ಹೊತ್ತು ಹೇಳಿದರು. ನನಗೆ ನೆನಪುಳಿದದ್ದು ಒಂದೇ ಮಾತು. "ಎದುರಿನವರ ಕಣ್ಣಲ್ಲಿ ಕಣ್ಣಿಟ್ಟು ಹೇಳಿ. ಕಣ್ಣು ತಪ್ಪಿಸಿ ಆಡಿದ ಮಾತನ್ನು ಯಾರೂ ನಂಬುವುದಿಲ್ಲ."

ಇದೊಂದು ಮಾತನ್ನು ಮರೆತಿದ್ದರೆ ನಾನಿವತ್ತು ಕುರ್ಚಿಯ ಮೇಲೆ ಕೂತು ಬರೆಯುತ್ತಿದ್ದೆ!

ನಾನು ಇಳಕಲ್ಲಿನ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವವನು. ಕೇಳುವವರಿಲ್ಲದೆ ಮಾತಾಡುವುದು ನನಗೆ ಹೊಸದಲ್ಲ. ಆದರೆ ನಂಬಿಕೆಯ ಮಾತು ಬಂದರೆ ನಾಲಿಗೆ ಒಣಗುತ್ತದೆ. ರವಿವಾರ ಹುಟ್ಟಿದ ಉತ್ಸಾಹ ಸೋಮವಾರ ನಳಕ್ಕೆ ನೀರು ಬರುವ ಹೊತ್ತಿಗೆ ಇರುವುದಿಲ್ಲ. ಕೊಡಗಳು ತುಂಬುತ್ತವೆ, ಅದು ಬರಿದಾಗುತ್ತದೆ.

ಈ ಸಲ ಹಾಗಾಗಬಾರದೆಂದು ಮಂಗಳವಾರವೇ ಹೊರಟೆ. ಮೊದಲ ಗುರಿ ಓಣಿಯ ಟೇಲರ್ ರಜಾಕ್ ಚಾಚಾ. ಅಂಗಡಿಗೆ ಹೋಗಿ ಅವರ ಕಣ್ಣಲ್ಲಿ ಕಣ್ಣಿಟ್ಟು, "ಚಾಚಾ, ನಿಮ್ಮ ಹತ್ರ ಒಂದು ಮುಖ್ಯವಾದ ಮಾತು ಹೇಳೂದೈತಿ" ಎಂದೆ.

"ಗೊತ್ತಾತು ಬಿಡ್ರಿ ಸರ್. ಹೊಟ್ಟಿ ಬಂದೈತಿ, ಹಳೇ ಪ್ಯಾಂಟ್ ಹಿಡಿಯವಲ್ದು. ಇದರಾಗ ನಾಚಿಕಿ ಏನೈತಿ? ಕೈ ಮ್ಯಾಲೆ ಮಾಡ್ರಿ" ಎಂದು ಟೇಪು ಸುತ್ತಿಯೇಬಿಟ್ಟರು.

ಸುವಾರ್ತೆ ಹೇಳಲು ಹೋದವನು ಪ್ಯಾಂಟಿನ ಅಳತೆ ಕೊಟ್ಟು ಬಂದೆ. ಗುರುವಾರ ಪ್ಯಾಂಟು ತಯಾರಾಯಿತು. ನನ್ನ ಸಾಕ್ಷಿ, ಅಂದರೆ ನಂಬಿಕೆಯ ಮಾತು, ಇನ್ನೂ ತಯಾರಾಗಿರಲಿಲ್ಲ. ರವಿವಾರ ಹತ್ತಿರ ಬರುತ್ತಿತ್ತು. ಊಟ ರುಚಿಸದಾಯಿತು. ಅಂಗಳದಲ್ಲಿ ಅತ್ತಿಂದಿತ್ತ ತಿರುಗಾಡತೊಡಗಿದೆ.

"ಹೇಳವ್ರು ಹೇಳಿಬಿಡಬೇಕ್ರಿ, ಇಲ್ಲಾ ಕೈ ಎತ್ತಬಾರದು" ಎಂದಳು ಸುಗುಣಾ. "ಸಂಗಪ್ಪಣ್ಣ ಗ್ವಾಡಿ ಆಚಿ ಕಡೆನೇ ಅದಾರ. ಅವರಿಗೆ ಹೇಳಾಕ ಏನಾಗೇತಿ?"

ಏನಾಗಿತ್ತೆಂದರೆ, ಸಂಗಪ್ಪ ನನ್ನ ಸ್ನೇಹಿತ. ಅದೇ ತೊಂದರೆ. ನಮ್ಮಿಬ್ಬರ ಮನೆಗೆ ಒಂದೇ ಗೋಡೆ. ಅವನು ಇಳಕಲ್ ಸೀರೆಗಳ ಗಂಟು ಕಟ್ಟಿಕೊಂಡು ಬೈಕಿನ ಮೇಲೆ ಬಾದಾಮಿ, ಪಟ್ಟದಕಲ್ಲಿನ ಅಂಗಡಿಗಳಿಗೆ ಹಾಕಿ ಬರುವವನು. ಹಣೆ ತುಂಬ ವಿಭೂತಿ, ಬಾಯಿ ತುಂಬ ನಗು. ನಾವು ಬೋರ್‌ವೆಲ್ಲಿನಿಂದ ಹಿಡಿದು ಶೇಂಗಾ ಚಟ್ನಿಯವರೆಗೆ ಎಲ್ಲ ಮಾತಾಡಿದ್ದೇವೆ. ನನಗೆ ಎಲ್ಲಕ್ಕಿಂತ ದೊಡ್ಡದಾದ ಮಾತನ್ನು ಮಾತ್ರ ಆಡಿರಲಿಲ್ಲ. ಅವನನ್ನು ನಮ್ಮ ಸಭೆಗೆ ಎಳೆದು ತರುವ ಉದ್ದೇಶ ನನಗಿರಲಿಲ್ಲ. ನನ್ನೊಳಗೆ ಏನಿದೆ ಎಂದು ಅವನಿಗೆ ತಿಳಿದಿರಲಿ ಎಂಬ ಆಸೆ. ಅವನು ನಕ್ಕುಬಿಟ್ಟರೆ? ಅಥವಾ, ಇನ್ನೂ ಕೆಟ್ಟದ್ದು, ಮರ್ಯಾದೆಗೆ "ಹೂಂ ಹೂಂ" ಎಂದು ಎದ್ದುಹೋದರೆ?

ಆಗ ನನಗೆ ಆ ಯೋಚನೆ ಹೊಳೆಯಿತು. ಬೈಕ್ ಓಡಿಸುವವನು ಎದ್ದುಹೋಗಲಾರ!

ಶುಕ್ರವಾರ ರಜೆ ಹಾಕಿ, ಹೊಸ ಪ್ಯಾಂಟು ತೊಟ್ಟು ಸಂಗಪ್ಪನ ಮುಂದೆ ನಿಂತೆ. "ಬಾದಾಮ್ಯಾಗ ಸ್ವಲ್ಪ ಕೆಲಸೈತಿ, ನಾನೂ ಬರ್ತೇನಿ."

"ಬರ್ರಿ ಸರ್, ಬರ್ರಿ! ಒಬ್ಬವ ಹೋಗಿ ಹೋಗಿ ಬ್ಯಾಸರಾಗೇತಿ. ಏನ್ ಕೆಲಸರಿ?"

"ಐತಿ, ಒಂದು." ಆ ಕೆಲಸ ಅವನೇ ಎಂದು ಹೇಗೆ ಹೇಳಲಿ?

ಮುಂದೆ ಸಂಗಪ್ಪ, ಹಿಂದೆ ನಾನು, ನಡುವೆ ಸೀರೆಯ ಗಂಟು. ಹುನಗುಂದ ಬಂತು, ಬಾಯಿಗೆ ಮಾತು ಬರಲಿಲ್ಲ. ಅಮೀನಗಡ ಬಂತು, ಚಹಾ ಕುಡಿದೆವು. ಚಹಾ ಮಾತ್ರ ಬಾಯಿಗೆ ಬಂತು. ಐಹೊಳೆ ದಾಟಿದ ಮೇಲೆ, ಇನ್ನು ಸ್ವಲ್ಪ ಹೊತ್ತಿಗೆ ದಾರಿಯೇ ಮುಗಿಯುತ್ತದೆಂದು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿ ಆರಂಭಿಸಿದೆ.

"ಸಂಗಪ್ಪಾ, ನನ್ನ ಜೀವನದಾಗ ಯೇಸುಸ್ವಾಮಿ..."

"ಏನ್ರೀ? ಗಾಳಿ ಭಾಳೈತಿ, ಕೇಳವಲ್ತು!"

"ಯೇಸುಸ್ವಾಮಿ!" ಎಂದು ಕಿರಿಚಿದೆ. ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಣ್ಣುಮಕ್ಕಳು ಎದ್ದುನಿಂತು ನೋಡಿದರು. ಪರವಾಗಿಲ್ಲ, ಅವರಿಗೂ ಮುಟ್ಟಿತು.

"ಹಾಂ, ಹೇಳ್ರಿ ಸರ್! ಈಗ ಕೇಳಾಕತ್ತೈತಿ."

ಕೇಳುತ್ತಿತ್ತು, ಸರಿ. ಆದರೆ ಕಣ್ಣು? ನನಗೆ ಕಾಣುತ್ತಿದ್ದದ್ದು ಹೆಲ್ಮೆಟ್ಟಿನ ಹಿಂಭಾಗ. ಹೆಲ್ಮೆಟ್ಟಿನ ಕಣ್ಣಲ್ಲಿ ಕಣ್ಣಿಡಲು ಬರುವುದಿಲ್ಲ. ಆಗ ನಾನು, ಪದವಿ ಪಡೆದವನು, ಮಕ್ಕಳಿಗೆ ಬುದ್ಧಿ ಹೇಳುವವನು, ಬಲಗೈ ಮುಂದೆ ಚಾಚಿ ಬೈಕಿನ ಬಲಗನ್ನಡಿಯನ್ನು ನಮ್ಮ ಕಡೆ ತಿರುಗಿಸಿದೆ.

ಕನ್ನಡಿಯಲ್ಲಿ ಸಂಗಪ್ಪನ ಕಣ್ಣು ಮೂಡಿದವು. ಎಂಥ ಶುದ್ಧ ಕಣ್ಣು! ಅವನಿಗೂ ನನ್ನ ಕಣ್ಣು ಕಂಡವು. ಮರ್ಯಾದಸ್ಥ ಮನುಷ್ಯ. ಮಾತಾಡುವವರನ್ನು ನೋಡದೆ ಇರಬಾರದೆಂದು ಅವನೂ ಕನ್ನಡಿಯನ್ನೇ ನೋಡತೊಡಗಿದ.

ಆಹಾ! ಇಷ್ಟು ವರ್ಷದ ನೌಕರಿಯಲ್ಲಿ ನನ್ನ ಮಾತನ್ನು ಅಷ್ಟು ಗಮನವಿಟ್ಟು ಕೇಳಿದವರು ಯಾರೂ ಇಲ್ಲ. ಉತ್ಸಾಹ ಉಕ್ಕಿತು.

"ಸಾವಂದ್ರ ನನಗ ಹೆದರಿಕಿ ಇಲ್ಲ, ಸಂಗಪ್ಪಾ! ನನ್ನ ಸ್ವಾಮಿ ನನ್ನ ಕೈ ಹಿಡದಾನ! ಈಗಿಂದೀಗ ಸಾವು ಬಂದ್ರೂ ನಾ ತಯಾರ್ ಅದೇನಿ!"

"ಖರೇನ್ರಿ ಸರ್?" ಎಂದು ಸಂಗಪ್ಪ ಕನ್ನಡಿಗೆ ಇನ್ನಷ್ಟು ಬಾಗಿದ.

ಅಲ್ಲಿಗೆ ಇಳಿಜಾರು ಸುರುವಾಗಿತ್ತು.

ಇಳಿಜಾರಿನ ಕೆಳಗೆ ರಸ್ತೆಯ ತುಂಬ ಕುರಿಗಳು. ಸಂಗಪ್ಪ ನೋಡಿದ ಹೊತ್ತಿಗೆ ಅವು ಎದುರಿಗೇ ಇದ್ದವು. ಬಲಕ್ಕೆ ಹೊರಳಿಸಿದ. ಹಿಂದಿನಿಂದ ಬಂದ ಲಾರಿಯ ಹಾರನ್ನು ನನ್ನ ಬೆನ್ನೊಳಗೇ ಕೂಗಿದಂತಾಯಿತು. ಅದು ಕಾಣಬೇಕಾದ ಕನ್ನಡಿಯಲ್ಲಿ ನನ್ನ ಮುಖವಿತ್ತಲ್ಲ! ಸಂಗಪ್ಪ ಎಡಕ್ಕೆ ಜಗ್ಗಿದ. ಬೈಕು ರಸ್ತೆ ಬಿಟ್ಟಿತು. ನಾನು ಬೈಕು ಬಿಟ್ಟೆ.

ಹೌದು. ಕೈಯಲ್ಲಿ ಸಿಕ್ಕ ಸೀರೆಯ ಗಂಟನ್ನು ಅವುಚಿಕೊಂಡು, "ಯವ್ವಾ! ಸತ್ನ್ಯೋ!" ಎಂದು ಐಹೊಳೆಗೂ ಪಟ್ಟದಕಲ್ಲಿಗೂ ಒಟ್ಟಿಗೆ ಕೇಳುವಂತೆ ಕೂಗುತ್ತ ಹಾರಿದೆ. ಸ್ವಾಮಿ ಹಿಡಿದಿದ್ದಾನೆಂದು ಆಗತಾನೇ ಸಾರಿದ್ದ ಕೈಯನ್ನು ಕೊಸರಿಕೊಂಡು ಹಾರಿದೆ! ಬಿದ್ದದ್ದು ಜಾಲಿ ಕಂಟಿಯೊಳಗೆ. ಮೊದಲು ನೆಲಕ್ಕೆ ಮುಟ್ಟಿದ ಭಾಗದ ಹೆಸರು ಬರೆಯುವುದು ಸಭ್ಯತೆಯಲ್ಲ.

ಲಾರಿ ಹೋದ ಗಾಳಿಗೆ ಕಂಟಿ ಅಲುಗಾಡಿತು. ಕಣ್ಣು ಬಿಟ್ಟರೆ ತಲೆಯ ಪಕ್ಕದಲ್ಲಿ, ಒಂದು ಗೇಣು ದೂರದಲ್ಲಿ, ಕಿಲೋಮೀಟರ್ ಕಲ್ಲು. ಹಳದಿ ಬಣ್ಣ, ಅದರ ಮೇಲೆ ಒಂದು ಇರುವೆ. ಆ ಇರುವೆ ನನ್ನನ್ನು ನೋಡಿ ನಿಂತು, ಆಮೇಲೆ ತನ್ನ ದಾರಿ ಹಿಡಿಯಿತು. ಇನ್ನೊಂದು ಗೇಣು ಆಚೆ ಬಿದ್ದಿದ್ದರೆ ಎಂಬ ಲೆಕ್ಕವನ್ನು ನಾನು ಇನ್ನೂ ಮುಗಿಸಿಲ್ಲ.

ಕುರಿ ಕಾಯುವ ಮುದುಕ ಬಂದ. ಮೊದಲು ಕುರಿಗಳನ್ನು ನೋಡಿ, "ಎಲ್ಲಾ ಅದಾವು" ಎಂದ. ಆಮೇಲೆ ಕಂಟಿಯೊಳಗೆ ಇಣುಕಿ, "ಮನಶ್ಯಾನೂ ಅದಾನ" ಎಂದ.

ಆಚೆ ಹೊಲದಲ್ಲಿ ಜೋಳದ ಕಣಿಕೆಯ ಬಣಿವೆಯೊಂದು ಮಿಸುಕಾಡಿತು. ಅದರೊಳಗಿಂದ ಸಂಗಪ್ಪ ಹೊರಬಂದ. ಬೈಕು ಬಿಡದೆ ಹಿಡಿದುಕೊಂಡಿದ್ದ ಅವನನ್ನು ಅದು ನೆಟ್ಟಗೆ ಬಣಿವೆಗೆ ನುಗ್ಗಿಸಿತ್ತು. ಮೈಮೇಲೆ ಒಂದು ಗೆರೆ ಗಾಯವಿಲ್ಲ!

"ಸರ್! ಅದೀರೇನ್ರಿ?"

"ಅದೇನಿ."

"ಸೀರಿ?"

"ಅವೂ ಅದಾವು."

ಇಲ್ಲದಿದ್ದದ್ದು ನನ್ನ ಪ್ಯಾಂಟು. ಮುಕ್ಕಾಲು ಭಾಗ ಜಾಲಿ ಮುಳ್ಳಿಗೆ ಸಂದಿತ್ತು. ಸಂಗಪ್ಪ ಗಂಟು ಬಿಚ್ಚಿ, ಕೆಂಪು ಸೆರಗಿನ ಒಂದು ಸೀರೆ ತೆಗೆದು ನನಗೆ ಸುತ್ತಿದ. ಬೈಕನ್ನು ಅಲ್ಲೇ ಬಿಟ್ಟು, ಒಂದು ಟೆಂಪೋದ ಹಿಂಭಾಗದಲ್ಲಿ ನನ್ನನ್ನು ಬೋರಲು ಮಲಗಿಸಿದರು. ಹುನಗುಂದದಲ್ಲಿ ಟೆಂಪೋ ನಿಂತಾಗ ಬಸ್ಸಿಗೆ ಕಾದಿದ್ದ ಹೆಂಗಸರು ಹತ್ತಿರ ಬಂದು ನೋಡಿದರು. "ಸೀರಿ ದಡಿ ಭಾಳ ಚೆಂದ ಐತಿ ನೋಡ" ಎಂದಳು ಒಬ್ಬಳು. ನಾನು ಕಣ್ಣು ಮುಚ್ಚಿಕೊಂಡೆ. ಕಣ್ಣಲ್ಲಿ ಕಣ್ಣಿಡುವ ಕೆಲಸ ಆವತ್ತಿಗೆ ಸಾಕಾಗಿತ್ತು.

ದವಾಖಾನೆಯಲ್ಲಿ ಮುಳ್ಳು ಕಿತ್ತು, ಇಂಜೆಕ್ಷನ್ ಚುಚ್ಚಿ, ಕೆಲವು ದಿನ ಬೋರಲೇ ಮಲಗಬೇಕೆಂದು ಆಜ್ಞೆ ಮಾಡಿದರು. ಅಲ್ಲಿಂದ ನಿಜವಾದ ಪರೀಕ್ಷೆ ಸುರುವಾಯಿತು.

ನಮ್ಮ ಕಡೆ ಬಿದ್ದವರನ್ನು ಮಾತಾಡಿಸಲು ಬರುವುದೊಂದು ಪದ್ಧತಿ. ಬ್ರೆಡ್ಡೋ ಬಾಳೆಹಣ್ಣೋ ಹಿಡಿದು ಓಣಿಯವರೆಲ್ಲ ಬರುತ್ತಾರೆ, ಕೂರುತ್ತಾರೆ, "ಹೆಂಗಾತ್ರಿ?" ಎನ್ನುತ್ತಾರೆ. ಮೊದಲಿನಿಂದ ಹೇಳಲೇಬೇಕು. ಹೇಳಿ ಮುಗಿಯುವಷ್ಟರಲ್ಲಿ ಇನ್ನೊಬ್ಬರು ಬರುತ್ತಾರೆ. ಮತ್ತೆ ಮೊದಲಿನಿಂದ.

"ಕುರಿ ಅಡ್ಡ ಬಂದ್ವು, ಬಿದ್ವಿ" ಎಂದು ಮುಗಿಸಿ ನೋಡಿದೆ. ಆದರೆ ಗೋಡೆಯಾಚೆಯ ಸಂಗಪ್ಪನಿಗೆ ಯಾರಾದರೂ ಬಂದ ಸಪ್ಪಳ ಕೇಳಿದರೆ ಸಾಕು, ಓಡಿಬರುತ್ತಿದ್ದ.

"ಹಂಗಲ್ರಿ, ಮೊದಲಿಂದ ಹೇಳ್ತೇನಿ ಕೇಳ್ರಿ! ಸರ್ ಅವರ ಸ್ವಾಮಿ ಬಗ್ಗೆ ಹೇಳಾಕತ್ತಿದ್ರು. 'ಸಾವಿಗೆ ಹೆದರೂದಿಲ್ಲ, ತಯಾರ್ ಅದೇನಿ' ಅಂದ್ರು. ಎಂಥಾ ಮಾತ್ರಿ ಅದು! ಮೈ ಜುಂ ಅಂತು. ಅಷ್ಟರಾಗ ಕುರಿ!"

"ಆಮ್ಯಾಲೆ?"

"ಆಮ್ಯಾಲೆ ಏನೈತ್ರಿ, 'ಯವ್ವಾ ಸತ್ನ್ಯೋ' ಅಂತ ಹಾರಿದ್ರು!"

ಕೋಣೆ ತುಂಬ ನಗು. ನಾನು ದಿಂಬಿನೊಳಗೆ ಮುಖ ಹುದುಗಿಸುತ್ತಿದ್ದೆ.

"ನೀ ಏನ್ ಕೂಗಿದ್ಯಪಾ?" ಎಂದು ರಜಾಕ್ ಚಾಚಾ ಕೇಳಿದರು.

"ನಾ ಶಿವನ್ನೂ ಕರದ್ನಿ, ಇವರ ಸ್ವಾಮಿನೂ ಕರದ್ನಿ. ಟೈಮ್ ಇರಲಿಲ್ಲ ಚಾಚಾ, ಯಾರು ಸಮೀಪ ಇದ್ರ ಅವರೇ ಬರ್ಲಿ ಅಂತ!"

ಚಾಚಾ ಬಹಳ ನಕ್ಕರು. ಆಮೇಲೆ ನನ್ನ ಪ್ಯಾಂಟಿನಲ್ಲಿ ಉಳಿದದ್ದನ್ನು ತರಿಸಿ, ಬೆಳಕಿಗೆ ಹಿಡಿದು ನೋಡಿ, "ಎಲ್ಲಾರೂ ನೋಡ್ರಿ, ಬಟ್ಟಿ ಹರದೈತಿ, ನನ್ನ ಹೊಲಿಗಿ ಬಿಟ್ಟಿಲ್ಲ" ಎಂದು ಸಾರಿ ಹೋದರು. ಅವರ ಸಾಕ್ಷಿ ನನ್ನದಕ್ಕಿಂತ ಗಟ್ಟಿಯಾಗಿತ್ತು.

ಎಲ್ಲರೂ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಕಣ್ಣು ಹತ್ತಿದರೆ ಹಾರನ್ನು ಕೇಳುತ್ತಿತ್ತು, ಬಲಗಾಲು ತಾನಾಗಿಯೇ ಬ್ರೇಕು ಒತ್ತುತ್ತಿತ್ತು. ಹಿಂದೆ ಕೂತವನಿಗೆ ಬ್ರೇಕು ಇರುವುದೇ ಇಲ್ಲ ಎಂಬುದು ಕಾಲಿಗೆ ಗೊತ್ತಿಲ್ಲ. ಹಳದಿ ಕಲ್ಲು ಕಾಣುತ್ತಿತ್ತು, ಇರುವೆ ಕಾಣುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಕನ್ನಡಿಯಲ್ಲಿ ಮೂಡಿದ್ದ ಸಂಗಪ್ಪನ ಕಣ್ಣು ಕಾಣುತ್ತಿದ್ದವು. ಒಬ್ಬ ಮನುಷ್ಯ ನನ್ನ ಮಾತನ್ನು ನಂಬಲು ತಯಾರಾಗಿದ್ದ. ಮರುಕ್ಷಣವೇ ನಾನು ಅವನೊಬ್ಬನನ್ನೇ ಬೈಕಿನ ಮೇಲೆ ಬಿಟ್ಟು ಹಾರಿದೆ. ಇನ್ನು ನಾನು ಹೇಳಿದ್ದನ್ನು ಅವನು ಯಾಕೆ ನಂಬಬೇಕು?

ರವಿವಾರ ಬಂತು. ನಾನು ಸಭೆಗೆ ಹೋಗುವ ಸ್ಥಿತಿಯಲ್ಲಿರಲಿಲ್ಲ. ಆರಾಧನೆ ಮುಗಿಸಿಕೊಂಡು ಸಭಾಪಾಲಕರೇ ಬಂದರು. ಸುಗುಣಾ ಎಲ್ಲವನ್ನೂ ಹೇಳಿದಳು. ಕನ್ನಡಿಯನ್ನೂ ಬಿಡಲಿಲ್ಲ.

"ಕಣ್ಣಲ್ಲಿ ಕಣ್ಣಿಡಿ ಎಂದು ನಾನು ಹೇಳಿದ್ದು ನಿಂತು ಮಾತಾಡುವವರಿಗೆ, ಪ್ರಭಾಕರ್" ಎಂದರು ಅವರು.

"ನನ್ನಿಂದ ಇನ್ನು ಆಗುವುದಿಲ್ಲ, ಅಯ್ಯನವರೇ" ಎಂದೆ ದಿಂಬಿಗೆ. "ನನ್ನ ಸಾಕ್ಷಿ ಸತ್ತುಹೋಯಿತು."

"ಸತ್ತಿದ್ದರೆ ಓಣಿಯವರೆಲ್ಲ ಬಂದು ಕೇಳಿಕೊಂಡು ಹೋಗುತ್ತಿದ್ದರೇ?" ಎಂದು ಪ್ರಾರ್ಥನೆ ಮಾಡಿ, ಬಾಳೆಹಣ್ಣು ತಿಂದು ಹೋದರು.

ಸಂಜೆ ಸಂಗಪ್ಪ ಬಂದ. ಬೇರೆ ಯಾರೂ ಇರಲಿಲ್ಲ. ಆದರೂ ಬಂದ. ಕುರ್ಚಿ ಎಳೆದುಕೊಂಡು ಕೂತ. ನಗಲಿಲ್ಲ.

"ಸರ್, ಒಂದು ಕೇಳ್ಲೇನ್ರಿ?"

ಬಂತು ಎಂದುಕೊಂಡೆ. ಹಾರಿದ್ದು ಯಾಕೆ ಎಂದು ಕೇಳುತ್ತಾನೆ. ಕೇಳಲಿ.

"ಅವತ್ತಿನ ಮಾತು ಅರ್ಧಕ್ಕ ನಿಂತೈತ್ರಿ. 'ನನ್ನ ಸ್ವಾಮಿ ಕೈ ಹಿಡದಾನ' ಅಂದಿದ್ರಿ. ಮುಂದ ಏನು? ಬಂದವರಿಗೆಲ್ಲಾ ಕಥಿ ಹೇಳ್ತೇನಿ, ಮುಂದಿಂದು ನನಗ ಗೊತ್ತಿಲ್ಲ. ನಿನ್ನೆ ನಮ್ಮಾಕಿ ಕೇಳಿದ್ಲು, ಹೇಳಾಕ ಬರಲಿಲ್ಲ."

ಇಷ್ಟು ವರ್ಷ ಕಾದ ಪ್ರಶ್ನೆ. ತಾನಾಗಿ ನಡೆದು ಬಂದಿದೆ, ಕುರ್ಚಿಯ ಮೇಲೆ ಕೂತಿದೆ. ನಾನು ಬೋರಲು ಮಲಗಿ ನೆಲ ನೋಡುತ್ತಿದ್ದೇನೆ!

ಕುತ್ತಿಗೆ ಹೊರಳಿಸಲು ಒದ್ದಾಡಿದೆ. ಸೊಂಟ ಚುಳುಕ್ಕೆಂದಿತು. ಬಾಗಿಲಲ್ಲಿ ನಿಂತಿದ್ದ ಸುಗುಣಾ ಒಳಗೆ ಹೋದಳು. ಬಂದಾಗ ಅವಳ ಕೈಯಲ್ಲಿ ನಾನು ಗಡ್ಡ ಮಾಡಿಕೊಳ್ಳುವ ಕನ್ನಡಿ ಇತ್ತು. ಅದನ್ನು ದಿಂಬಿನ ಮುಂದೆ ಒಂದು ತಂಬಿಗೆಗೆ ಆನಿಸಿ ಇಟ್ಟು, ಒಂಚೂರು ತಿರುಗಿಸಿದಳು.

"ಈಗ ಕಾಣಾಕತ್ತಾರೇನ್ರಿ?"

ಕನ್ನಡಿಯಲ್ಲಿ ಸಂಗಪ್ಪನ ಕಣ್ಣು ಮೂಡಿದವು. ಅವೇ ಕಣ್ಣು. ನನ್ನ ಬಲಗಾಲು ಹಾಸಿಗೆಯ ಮೇಲೆ ಬ್ರೇಕು ಒತ್ತಿತು.

"ಹೆದರಬ್ಯಾಡ್ರಿ ಸರ್, ಮಂಚ ಎಲ್ಲೂ ಹೋಗೂದಿಲ್ಲ" ಎಂದ ಸಂಗಪ್ಪ.

ಕಲಿತಿದ್ದ ಒಂದು ಮಾತೂ ನೆನಪಾಗಲಿಲ್ಲ. ಕೊನೆಗೆ ಇದ್ದದ್ದನ್ನೇ ಹೇಳಿದೆ. "ಸಂಗಪ್ಪಾ, ಖರೆ ಹೇಳಬೇಕಂದ್ರ... ನನಗ ಸಾವಂದ್ರ ಭಾಳ ಹೆದರಿಕಿ."

ಕನ್ನಡಿಯೊಳಗಿನ ಕಣ್ಣು ಒಂದಿಷ್ಟೂ ಅಲುಗಲಿಲ್ಲ.

"ಅದು ಇಡೀ ಓಣಿಗೆ ಗೊತ್ತೈತ್ರಿ ಸರ್. ಮುಂದ ಹೇಳ್ರಿ."