ಕಿಟಕಿಯಿಂದ ಹಾರಿದವರಿಗೂ ಬಾಗಿಲ ಮೇಲೆ ಮಲಗಿ ಬಂದವರಿಗೂ

ಮಾನ್ಯ ಸಭಾಧ್ಯಕ್ಷ ಶ್ರೀ ಒಬದಾಯ ಪ್ರೂಯಿಟ್ ಅವರಿಗೂ, ಮೆಟ್ಟಿಲಿಳಿದು ಹೋದ ಸದಸ್ಯರಿಗೂ, ಕಿಟಕಿಯಿಂದ ಹೋದ ಸದಸ್ಯರಿಗೂ, ಹಾರ್ಲನ್ಸ್ ಬೆಂಡ್ ಊರಿನ ತಂಗುಮನೆಯ ಒಡತಿಯ ಸವಿನಯ ವಂದನೆಗಳು.

ಮಾನ್ಯರೇ,

ಶನಿವಾರದ ಕಲಾಪಕ್ಕೆ ತಗುಲಿದ ವೆಚ್ಚ: ಮಹಡಿಯ ಕಿಟಕಿಯ ಗಾಜು ನಾಲ್ಕು, ಕೋಳಿಗೂಡಿನ ಮಾಡು ಒಂದು, ಮೊಟ್ಟೆಯಿಡುತ್ತಿದ್ದ ಕೋಳಿ ಮೂರು, ಕೀಲು ಕಳಚಿದ ಅಡುಗೆಮನೆಯ ಬಾಗಿಲು ಒಂದು, ಮತ್ತು ಈ ರಾಜ್ಯದ ರಾಜಧಾನಿ.

ಶಾಸನಸಭೆಯ ಕಟ್ಟಡಕ್ಕೆ ಇನ್ನೂ ಸೂರು ಬಾರದ ಕಾರಣ ಮೂರು ಚಳಿಗಾಲ ತಾವು ನನ್ನ ಮಹಡಿಯಲ್ಲೇ ಕುಳಿತು ರಾಜ್ಯವಾಳಿದಿರಿ. ನನ್ನದಿದ್ದದ್ದು ಒಂದೇ ಅಹವಾಲು. ಆರು ವರ್ಷದ ಹಿಂದೆ ದೋಣಿ ಹತ್ತಿ ಓಡಿಹೋದ ನನ್ನ ಗಂಡ ಜೆಫ್ತಾ, ವಸಂತಕ್ಕೆ ಬಂದು ತಂಗುಮನೆಯನ್ನು ಮಾರುವುದಾಗಿ ಕಾಗದ ಬರೆದಿದ್ದಾನೆ. ಹೆಂಡತಿ ದುಡಿದದ್ದು ಗಂಡನದೆನ್ನುವ ಕಾನೂನು ಅವನ ಕಡೆಗಿದೆ. ವಿಚ್ಛೇದನ ಕೊಡುವ ಅಧಿಕಾರ ತಮ್ಮ ಸಭೆಗೆ ಮಾತ್ರವಿದೆ. ಕೊನೆಯ ದಿನದ ಪಟ್ಟಿಯಲ್ಲಿ ನನ್ನ ಮಸೂದೆ ಎರಡನೆಯದು. ಮೊದಲನೆಯದು ರಾಜಧಾನಿಯನ್ನು ನಮ್ಮೂರಿನಿಂದ ಪೆಲ್ಹಮ್‌ಗೆ ಸಾಗಿಸುವುದು. ನನ್ನದನ್ನು ಮೊದಲು ತೆಗೆದುಕೊಳ್ಳಿರೆಂದು ಬೇಡಿದಾಗ ತಾವು ನಿಯಮ ತೋರಿಸಿದಿರಿ. ಕಿಟಕಿಯಿಂದ ಹಾರಬಾರದೆಂಬ ನಿಯಮವನ್ನು ಮಾತ್ರ ಇನ್ನೂ ಬರೆದಿಲ್ಲವಂತೆ.

ಇಪ್ಪತ್ತೈದು ಮಂದಿಯಲ್ಲಿ ಹದಿನೇಳು ಮಂದಿ ಇರದಿದ್ದರೆ ಕಲಾಪ ನಡೆಯದಷ್ಟೆ. ನಮ್ಮೂರಿನ ಪಕ್ಷದ ಒಂಬತ್ತು ಮಂದಿ ಕೋರಂ ಮುರಿಯಲು ಕಿಟಕಿಯಿಂದ ಹಾರಿದ ಆ ಶಿಸ್ತನ್ನು, ಒಬ್ಬರ ಹಿಂದೊಬ್ಬರು, ಹಿರಿಯರು ಮೊದಲು ಎಂಬ ಆ ಸೌಜನ್ಯವನ್ನು ನಾನು ಮರೆಯಲಾರೆ. ಅವರಲ್ಲಿ ಕಾಲು ಉಳುಕಿದ ಟಟಲ್ ಅವರನ್ನು ಅಡುಗೆಮನೆಗೆ ತಂದು ಪಟ್ಟಿ ಕಟ್ಟುವಾಗ ಮೇಲೆ ಉಳಿದದ್ದು ಹದಿನಾರು.

ಹದಿನೇಳನೆಯವರು ನನ್ನ ಒಲೆಯ ಬಳಿ ಇದ್ದಾರೆಂದು ಅರಿಕೆ ಮಾಡಿಕೊಂಡರೆ ತಾವು, "ಅಡುಗೆಮನೆ ಸಭೆ ಅಲ್ಲ ತಾಯಿ, ಮೇಲಿದ್ರೆ ಲೆಕ್ಕ," ಎಂದಿರಿ. ಬಾಗಿಲು ಕಳಚಿಸಿ, ಅವರನ್ನು ಅದರ ಮೇಲೆ ಮಲಗಿಸಿ, ಲಾಯದ ನಾಲ್ವರು ಆಳುಗಳಿಂದ ಮಹಡಿಗೆ ಹೊರಿಸಿದೆ.

"ಅಯ್ಯೋ ಪುಣ್ಯಾತ್ಗಿತ್ತಿ, ನಿನ್ನೂರಿನ ರಾಜಧಾನಿ ಉಳಿಸೋಕಲ್ವೇನೇ ನಾ ಹಾರಿದ್ದು!" ಎಂದು ಮೆಟ್ಟಿಲುದ್ದಕ್ಕೂ ಕಿರುಚಿದರು.

"ಗೊತ್ತು, ಅಲ್ಲಾಡ್ಬೇಡಿ, ಬಿದ್ದೋಗ್ತೀರ," ಎಂದೆ.

ಮೇಲೆ ಬಂದೊಡನೆ ಅವರು, "ಗುಮಾಸ್ತರೇ, ನಾನಿಲ್ಲಿಲ್ಲ! ಟಟಲ್ ಗೈರುಹಾಜರು ಅಂತ ಬರ್ಕೊಳ್ರೀ!" ಎಂದು ಕೂಗಿದ್ದೇ ತಪ್ಪಾಯಿತು. ಗುಮಾಸ್ತರು ಬರೆದುಕೊಂಡರು: 'ಟಟಲ್ ಅವರು ಖುದ್ದಾಗಿ ತಾವು ಗೈರೆಂದು ಸಭೆಗೆ ತಿಳಿಸಿದರು. ಹಾಜರಿ ಹದಿನೇಳು.'

ರಾಜಧಾನಿ ಹೊರಟುಹೋಯಿತು. ನನ್ನ ಮಸೂದೆಗೆ ಪರ ಎಂಟು, ವಿರುದ್ಧ ಎಂಟು. ಟಟಲ್ ಸೂರು ನೋಡುತ್ತ ನಿಟ್ಟುಸಿರಿಟ್ಟು, "ಹೊತ್ಕೊಂಡು ಬಂದಿದ್ದಾಳಲ್ಲ, ಹೌದು ಅಂತ ಹಾಕ್ಕೊಳ್ರೀ," ಎಂದರು.

ಇನ್ನು ನನ್ನ ಕೋರಿಕೆಗಳು. ಪೆಲ್ಹಮ್‌ನ ಸಭಾಭವನವನ್ನು ನೆಲಕ್ಕಿಂತ ಒಂದು ಮೊಳ ಕೆಳಗೆ ಕಟ್ಟಿಸಿದರೆ ಸದಸ್ಯರು ಹಾರಲು ಮೇಲಕ್ಕೇ ಹಾರಬೇಕಾಗುತ್ತದೆ. ಮತ್ತು, ಇದ್ದವರನ್ನು ಇಲ್ಲವೆಂದೂ ಇಲ್ಲದವರನ್ನು ಇದ್ದಾರೆಂದೂ ಬರೆಯಬಲ್ಲ ಸಭೆಗೆ ಕಷ್ಟವೇನಲ್ಲವಾದ್ದರಿಂದ, ನನ್ನ ಮೂರು ಕೋಳಿಗಳು ಜೀವಂತವಾಗಿವೆಯೆಂದು ಮುಂದಿನ ಅಧಿವೇಶನದಲ್ಲಿ ಅಂಗೀಕರಿಸಬೇಕು.

ತಮ್ಮ ವಿಶ್ವಾಸಿ, ಶನಿವಾರದಿಂದ ಯಾರ ಹೆಂಡತಿಯೂ ಅಲ್ಲದ
ಟ್ಯಾಬಿತಾ ಕ್ರೋವೆಲ್

ತಾ.ಕ.: ಯಾರಿಗೇನು ಸಿಕ್ಕಿತೆಂದು ತಾವು ದಾಖಲೆಯಲ್ಲಿ ಬರೆಸದ ಕಾರಣ ನಾನೇ ಬರೆಯುತ್ತಿದ್ದೇನೆ. ಪೆಲ್ಹಮ್‌ಗೆ ತಾವೆಲ್ಲರೂ, ಪಾಪ. ಟಟಲ್ ಅವರಿಗೆ ಊರುಗೋಲು. ಜೆಫ್ತಾನಿಗೆ ಏನೂ ಇಲ್ಲ. ನನಗೆ ಹನ್ನೊಂದು ಖಾಲಿ ಕೋಣೆ, ಹನ್ನೊಂದೂ ನನ್ನವು.