ಸಾರ್, ಅಲ್ಲಿ ನಿಲ್ಲಬೇಡಿ

ದೊಡ್ಡವರಿಗೆ ಎಲ್ಲಿ ನಿಲ್ಲಬೇಕು ಎಂದು ಹೇಳಿಕೊಡುವ ಕೆಲಸ ಹಿಡಿದವರಿಗೆ ನಗುವ ಸಂಗತಿಗಳಿಗೆ ಬರವಿಲ್ಲ. ನನಗಂತೂ ವಾರಕ್ಕೊಂದಾದರೂ ತಾನಾಗಿ ಬಂದು ಸಿಗುತ್ತದೆ.

ನಾನು ಕಾಲೇಜೊಂದರಲ್ಲಿ ಪಿ.ಟಿ. ಟೀಚರಾಗಿದ್ದವಳು. ಈಗ ಬೆಳಗಿನ ಹೊತ್ತು ಯಾದವಗಿರಿಯಲ್ಲಿ ಪಿಕಲ್‌ಬಾಲ್ ಕಲಿಸುತ್ತೇನೆ. ಹಳೇ ಬಂಗಲೆಯೊಂದರ ಹಿತ್ತಲಿನಲ್ಲಿ ಎರಡು ಕೋರ್ಟು ಮಾಡಿಸಿದ್ದಾರೆ. ಷಟಲ್ ಕೋರ್ಟಿನಷ್ಟೇ ಜಾಗ, ಸೊಂಟದೆತ್ತರದ ನೆಟ್, ತೂತು ತೂತಿನ ಪ್ಲಾಸ್ಟಿಕ್ ಚೆಂಡು, ರೊಟ್ಟಿ ಮಗುಚುವ ಸಟ್ಟುಗವನ್ನು ದೊಡ್ಡದು ಮಾಡಿದಂಥ ಬ್ಯಾಟು. ಹೊಡೆಯುವುದನ್ನು ಎರಡು ದಿನದಲ್ಲಿ ಕಲಿಯುತ್ತಾರೆ. ನಿಲ್ಲುವುದನ್ನು ಕಲಿಯುವುದಕ್ಕೆ ವರ್ಷ ಹಿಡಿಯುತ್ತದೆ.

ಕಿಚನ್

ನೆಟ್ಟಿನ ಎರಡೂ ಪಕ್ಕ ಏಳೇಳು ಅಡಿ ಜಾಗಕ್ಕೆ ಈ ಆಟದಲ್ಲಿ ಕಿಚನ್ ಎಂದು ಹೆಸರು. ಅದರೊಳಗೆ ನಿಂತು, ನೆಲಕ್ಕೆ ಬೀಳದ ಚೆಂಡನ್ನು ಹೊಡೆಯುವ ಹಾಗಿಲ್ಲ. ಆದರೆ ಅದರ ಗೆರೆಯವರೆಗೆ ಜೋಡಿಯಲ್ಲಿ ಇಬ್ಬರೂ ಒಟ್ಟಿಗೆ ಬಂದು ನಿಂತರೆ ಅರ್ಧ ಆಟ ಗೆದ್ದ ಹಾಗೆ.

ಬ್ಯಾಂಕಿನಿಂದ ರಿಟೈರಾದ ಮ್ಯಾನೇಜರೊಬ್ಬರು ಹೆಂಡತಿಯ ಜೊತೆ ಆಡಲು ಬರುತ್ತಿದ್ದರು. ಆಕೆ ಗೆರೆಯ ಹತ್ತಿರ ಒಬ್ಬರೇ ನಿಂತು ಎಡಕ್ಕೂ ಬಲಕ್ಕೂ ಓಡುತ್ತಿದ್ದರು. ಇವರು ಹಿಂದಿನ ಗೆರೆಯಲ್ಲಿ ಕಾಲೂರಿ ನಿಂತು ನೋಡುತ್ತಿದ್ದರು.

"ಸಾರ್, ಕಿಚನ್ ಹತ್ರ ಬನ್ನಿ. ಮೇಡಂ ಒಬ್ಬರೇ ಎಲ್ಲಾ ನೋಡ್ಕೊಳ್ತಾ ಇದಾರೆ" ಎಂದೆ.

"ಬರ್ತೀನಿ, ಬರ್ತೀನಿ" ಎಂದರು. ಬರಲಿಲ್ಲ.

ಆಕೆ ಹಿಂದೆ ತಿರುಗದೆಯೇ, "ಅವರು ಹಂಗೆಲ್ಲಾ ಬರಲ್ಲ ಮೇಡಂ. ತಿಂಡಿ ಆಯ್ತು ಅಂತ ಕೂಗ್ಬೇಕು" ಎಂದರು.

ಕೂಗಿದರೆ ನನಗೇನು ನಷ್ಟ ಎಂದುಕೊಂಡು ಮುಂದಿನ ಚೆಂಡಿಗೆ ಕೂಗಿಯೇಬಿಟ್ಟೆ. ಮ್ಯಾನೇಜರು ನಾಲ್ಕು ಹೆಜ್ಜೆಗೆ ಗೆರೆಯ ಹತ್ತಿರ ಬಂದು ನಿಂತರು. ಬ್ಯಾಟು ಅಡ್ಡ ಹಿಡಿದರು, ಚೆಂಡು ಆಚೆ ಹೋಗಿ ಬಿತ್ತು, ಪಾಯಿಂಟೂ ಬಂತು. ಆಮೇಲೆ ಹೆಂಡತಿಯ ಕಡೆ ವಾಲಿ ಮೆಲ್ಲಗೆ ಕೇಳಿದರು:

"ಏನ್ ಮಾಡಿದೀಯ?"

ರೈಟ್

ಕುಂಬಾರಕೊಪ್ಪಲಿನಿಂದ ಸೈಕಲ್ಲಿನಲ್ಲಿ ಬರುವವರು ಒಬ್ಬರಿದ್ದಾರೆ, ರಿಟೈರಾದ ಬಸ್ ಕಂಡಕ್ಟರು. ಅವರಿಗೆ ಮೆಡಿಕಲ್ ಶಾಪಿನ ಮಾಲೀಕರೊಬ್ಬರನ್ನು ಜೋಡಿ ಮಾಡಿದ್ದೆ. ಇಬ್ಬರೂ ಬಾಯಿ ಬಿಡದೆ ಆಡುತ್ತಿದ್ದರು, ಹೋಗಿ ಹೋಗಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಿದ್ದರು.

"ಮಾತಾಡ್ಕೊಂಡು ಆಡಿ. ಹಿಂದೆ ಇರೋರು ಮುಂದೆ ಇರೋರಿಗೆ ಕೂಗಿ ಹೇಳಿ" ಎಂದೆ.

ಕಂಡಕ್ಟರಿಗೆ ಈ ಮಾತು ಬಹಳ ಹಿಡಿಸಿತು. ಮುಂದಿನ ಚೆಂಡು ಮೆಡಿಕಲ್ ಶಾಪಿನವರ ಎಡಗಡೆಗೆ ಬರುತ್ತಿತ್ತು. ಇವರು ಹಿಂದಿನಿಂದ "ರೈಟ್, ರೈಟ್" ಎಂದು ಕೂಗಿದರು. ಅವರು ಬಲಕ್ಕೆ ಓಡಿದರು. ಚೆಂಡು ಎಡಕ್ಕೆ ಬಿತ್ತು. ಅದರ ಮುಂದಿನದೂ ಹಾಗೆಯೇ, ಅದರ ಮುಂದಿನದೂ.

ಮೆಡಿಕಲ್ ಶಾಪಿನವರು ಬ್ಯಾಟು ಕೆಳಗಿಟ್ಟರು. "ಅಲ್ಲ ಸ್ವಾಮಿ, ಎಡಕ್ಕೆ ಬರೋ ಚೆಂಡಿಗೆ ರೈಟ್ ಅಂತೀರಲ್ರೀ."

"ರೈಟ್ ಅಂದ್ರೆ ಹೊರಡಿ ಅಂತ ಕಣ್ರೀ" ಎಂದರು ಕಂಡಕ್ಟರು. "ಯಾವ ರೂಟು ಅಂತ ಡ್ರೈವರಿಗೆ ಗೊತ್ತಿರಬೇಕು."

ಕಮ್ಮಿ ಮಾಡಿ

ಅವತ್ತೇ ಮೆಡಿಕಲ್ ಶಾಪಿನವರು ಬೇರೆ ಜೋಡಿ ಕೇಳಿದರು. ಗೋಕುಲಂನಲ್ಲಿ ರೂಮು ಮಾಡಿಕೊಂಡು ಯೋಗ ಕಲಿಯುತ್ತಿದ್ದ ವಿದೇಶಿ ಹೆಂಗಸೊಬ್ಬರು ಆಗ ನನ್ನ ಹತ್ತಿರ ಬರುತ್ತಿದ್ದರು. ಅವರನ್ನೇ ಕಂಡಕ್ಟರ ಜೊತೆ ನಿಲ್ಲಿಸಿದೆ. ಆಕೆಗೆ ಕನ್ನಡ ಸ್ವಲ್ಪ ಬರುತ್ತಿತ್ತು, ಅಷ್ಟನ್ನೂ ಆಟೋದವರಿಂದ ಕಲಿತದ್ದು.

ಈ ಸಲ ಆಕೆ ಹಿಂದೆ, ಕಂಡಕ್ಟರು ಮುಂದೆ. ಚೆಂಡು ಆಟಕ್ಕೆ ಬಿದ್ದ ಕೂಡಲೇ ಆಕೆ ಶುರು ಮಾಡಿದರು. "ಮುಂದೆ ಹೋಗಿ. ಇನ್ನೂ ಮುಂದೆ. ಇಲ್ಲಿ ಲೆಫ್ಟ್. ಸಾಕು, ಸಾಕು, ಇಲ್ಲೇ ನಿಲ್ಲಿಸಿ." ಕಂಡಕ್ಟರು ಒಂದು ಮಾತಿಗೂ ತಪ್ಪಲಿಲ್ಲ. ಸರಿಯಾದ ಜಾಗಕ್ಕೆ ಸರಿಯಾದ ಹೊತ್ತಿಗೆ ಬಂದು ನಿಲ್ಲುತ್ತಿದ್ದರು. ನಾನು ತಿಂಗಳುಗಟ್ಟಲೆ ಬಾಯಿ ನೋಯಿಸಿಕೊಂಡರೂ ಆಗದ್ದು ಅವತ್ತು ಆಯಿತು.

ಖುಷಿಯಲ್ಲಿ ಕಂಡಕ್ಟರು ಒಂದು ಚೆಂಡನ್ನು ಜೋರಾಗಿ ಬಾರಿಸಿದರು. ಅದು ಆಚೆ ಗೆರೆಯನ್ನೂ ದಾಟಿ ಕಾಂಪೌಂಡಿಗೆ ಬಡಿಯಿತು. ಆಕೆ ತಲೆಯಾಡಿಸಿ, "ಜಾಸ್ತಿ ಆಯ್ತು. ಕಮ್ಮಿ ಮಾಡಿ" ಎಂದರು. ನಾನು ಹೇಳಬೇಕೆಂದಿದ್ದದ್ದೂ ಅದನ್ನೇ.

ಕಂಡಕ್ಟರು ಆಕೆಯ ಕಡೆ ತಿರುಗಿ ಸಮಾಧಾನವಾಗಿ ಹೇಳಿದರು: "ನಮ್ಮದು ಸರ್ಕಾರಿ ರೇಟು ಕಣಮ್ಮ. ಕಮ್ಮಿ ಆಗಲ್ಲ."

ನೆರಳು

ಚರ್ಮದ ಡಾಕ್ಟರೊಬ್ಬರು ಬರುತ್ತಿದ್ದರು. ಬಿಸಿಲು ಮೈಗೆ ತಾಕಬಾರದು ಎಂದು ದಿನವೂ ಹತ್ತು ಜನಕ್ಕೆ ಹೇಳುವವರು, ತಾವೂ ಅದನ್ನು ಪಾಲಿಸುತ್ತಿದ್ದರು. ಕೋರ್ಟಿನ ಪಕ್ಕದ ಹೊಂಗೆಮರದ ನೆರಳು ಎಲ್ಲಿದೆಯೋ ಅವರೂ ಅಲ್ಲೇ. ಹೊತ್ತು ಏರಿದ ಹಾಗೆ ನೆರಳು ಸರಿಯುತ್ತಿತ್ತು, ಅವರೂ ಸರಿಯುತ್ತಿದ್ದರು. ಒಂದು ದಿನ ನಾನು ಫೋನಿನಲ್ಲಿ ಮಾತಾಡಿ ಬರುವಷ್ಟರಲ್ಲಿ ಅವರು ಪಕ್ಕದ ಕೋರ್ಟಿನಲ್ಲಿ ನಿಂತು ಬೇರೆಯವರ ಚೆಂಡು ಹೊಡೆಯುತ್ತಿದ್ದರು.

"ಸಾರ್, ನಿಮ್ಮ ಆಟ ಇಲ್ಲಿ" ಎಂದು ಕರೆದೆ.

"ಗೊತ್ತು. ಆದ್ರೆ ಇಲ್ಲಿ ಗೆಲ್ತಾ ಇದೀವಿ" ಎಂದರು.

ಬೀಗರು

ನನ್ನ ಬಳಿ ಚೆನ್ನಾಗಿ ಆಡುವ ಹುಡುಗಿಯೊಬ್ಬಳಿದ್ದಾಳೆ. ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಅವಳಿಗೆ ಮದುವೆ ಗೊತ್ತಾಯಿತು. ಎರಡೂ ಮನೆಯವರು ಇದೇ ಊರಿನವರು. ನಿಶ್ಚಿತಾರ್ಥ ಮುಗಿದ ಮೇಲೆ ಒಂದು ಭಾನುವಾರ ಅವಳು ತನ್ನ ತಂದೆಯನ್ನೂ ಮಾವನಾಗುವವರನ್ನೂ ಆಟಕ್ಕೆ ಕರೆತಂದಳು. ಅತ್ತೆಯಾಗುವವರು ಬೆಂಚಿನ ಮೇಲೆ ಕೂತರು.

ಹುಡುಗಿಯ ತಂದೆಗೆ ಬಟ್ಟೆ ಅಂಗಡಿ. ಸಣ್ಣ ಆಳು, ಮೊದಲು ಷಟಲ್ ಆಡಿದ್ದವರು, ಕೈ ಚುರುಕು. ಹುಡುಗನ ತಂದೆ ಇಂಜಿನಿಯರಾಗಿದ್ದವರು, ಒಳ್ಳೇ ಗಾತ್ರ. ಬೀಗರಿಬ್ಬರೂ ಒಂದೇ ಕಡೆ. ಎದುರಿಗೆ ಕಾಲೇಜಿನ ಹುಡುಗಿಯರಿಬ್ಬರು.

ಮೊದಲನೇ ಚೆಂಡು ಇಬ್ಬರ ನಡುವೆ ಬಂತು.

"ನೀವು ಹೊಡೀರಿ" ಎಂದರು ಹುಡುಗಿಯ ತಂದೆ.

"ಛೇ ಛೇ, ನೀವು ಹೊಡೀರಿ."

ಚೆಂಡು ನಡುವೆ ಎರಡು ಸಲ ಪುಟಿದು ಉರುಳಿತು. ಇಬ್ಬರೂ ಅದನ್ನು ಗೌರವದಿಂದ ನೋಡಿದರು.

ನಾನು ಹೋಗಿ ಹೇಳಿದೆ. ಎಡಗಡೆ ನಿಂತವರ ಬಲಗೈ ನಡುವಿಗೆ ಬರುತ್ತದೆ, ಆದ್ದರಿಂದ ನಡುವಿನ ಚೆಂಡು ಅವರದು. ಎಡಗಡೆ ನಿಂತಿದ್ದವರು ಹುಡುಗಿಯ ತಂದೆ. ಅವರು ನನ್ನನ್ನು ಪಕ್ಕಕ್ಕೆ ಕರೆದು, "ಮೇಡಂ, ಬೀಗರ ಮುಂದೆ ಹಂಗೆ ಕೈ ಚಾಚೋದು ಚೆನ್ನಾಗಿರಲ್ಲ. ನಾವು ಹೆಣ್ಣಿನ ಕಡೆಯವರು" ಎಂದರು.

ಅಲ್ಲಿಂದ ಆಟ ಒಂದೇ ದಾರಿ ಹಿಡಿಯಿತು. ಎದುರಿನ ಹುಡುಗಿಯರಿಗೆ ಗುಟ್ಟು ತಿಳಿದು ಎಲ್ಲವನ್ನೂ ನಡುವಿಗೇ ಹೊಡೆದರು. ಹುಡುಗಿಯ ತಂದೆ ಬಿಟ್ಟ ಚೆಂಡಿಗೆಲ್ಲ ಹುಡುಗನ ತಂದೆ ನುಗ್ಗಬೇಕಾಯಿತು. ನುಗ್ಗಿದವರು ವಾಪಸು ಹೋಗುವುದನ್ನು ಮರೆತರು. ಸ್ವಲ್ಪ ಹೊತ್ತಿಗೆ ಅವರು ಎಡಗಡೆಯಲ್ಲೇ ನಿಂತಿದ್ದರು. ಹುಡುಗಿಯ ತಂದೆ ಸರಿದು ಸರಿದು ಪಕ್ಕದ ಗೆರೆಯಿಂದ ಹೊರಗೇ ಹೋಗಿ, ಬ್ಯಾಟನ್ನು ಎದೆಗೆ ಒತ್ತಿಕೊಂಡು, ನಗುಮುಖದಲ್ಲಿ ನಿಂತಿದ್ದರು.

ಬದಿಗೆ ನಿಂತು ಸ್ಕೋರು ಹೇಳುತ್ತಿದ್ದ ಮದುವೆ ಹುಡುಗಿ ಹೇಳುವುದನ್ನು ನಿಲ್ಲಿಸಿದಳು. ಅಪ್ಪನನ್ನೇ ನೋಡುತ್ತಿದ್ದಳು. ಅಂಗಡಿಯಲ್ಲಿ ನಾಲ್ಕು ಜನರನ್ನು ಕಣ್ಣಲ್ಲೇ ಓಡಾಡಿಸುವ ಮನುಷ್ಯ ಅವರು. ಅವಳು ಸೀದಾ ಕೋರ್ಟಿನೊಳಗೆ ಹೋದಳು.

"ಮಾವ, ತಪ್ಪು ತಿಳ್ಕೋಬೇಡಿ. ನೀವು ಸ್ವಲ್ಪ ಬಲಕ್ಕೆ ಸರ್ಕೊಳ್ಳಿ. ಅಪ್ಪಂಗೆ ನಿಲ್ಲೋಕೆ ಜಾಗ ಇಲ್ಲ."

ಅಪ್ಪನ ಮುಖದಲ್ಲಿ ನಗು ಹಾಗೇ ಇತ್ತು, ಬಣ್ಣ ಮಾತ್ರ ಹೋಗಿತ್ತು. "ಪುಟ್ಟಿ, ಸುಮ್ನಿರು" ಎಂದರು.

ಹುಡುಗನ ತಂದೆ ಬಗ್ಗಿ ತಮ್ಮ ಕಾಲು ನೋಡಿಕೊಂಡರು. ನಡುಗೆರೆ ನೋಡಿದರು. "ಹೌದಲ್ಲಮ್ಮ" ಎಂದರು. "ಇಷ್ಟು ದೂರ ಬಂದಿದೀನಿ, ಯಾರೂ ಹೇಳ್ಲೇ ಇಲ್ಲ." ಬಲಕ್ಕೆ ಹೋಗಿ ನಿಂತರು.

ಮುಂದಿನ ಚೆಂಡು ನಡುವೆ ಬಂತು. ಹುಡುಗಿಯ ತಂದೆ ಒಂದು ಗಳಿಗೆ ತಡೆದರು, ಆಮೇಲೆ ಹೊಡೆದರು. ಎದುರಿನ ಹುಡುಗಿಯರು ಕೈ ಎತ್ತುವಷ್ಟರಲ್ಲಿ ಅದು ಅವರಿಬ್ಬರ ಮಧ್ಯೆ ಹಾದು ಹೋಗಿತ್ತು. "ಭೇಷ್ ಬೀಗರೇ" ಎಂದರು ಹುಡುಗನ ತಂದೆ. ಆ ಆಟ ಇವರು ಸೋತರು, ಆದರೆ ಕೊನೆಯ ಹೊತ್ತಿಗೆ ನೋಡುವ ಹಾಗೆ ಆಡಿದರು.

ಆಟ ಮುಗಿಸಿ ಹುಡುಗಿಯ ತಂದೆ ನೀರು ಕುಡಿಯಲು ಬೆಂಚಿನ ಹತ್ತಿರ ಬಂದರು. ಹುಡುಗನ ತಾಯಿ ಅಲ್ಲೇ ಕೂತು ಎಲ್ಲವನ್ನೂ ನೋಡಿದ್ದರು. ಈಗ ಕೇಳಿದರು.

"ಮದುವೆ ಮಾಘಕ್ಕೆ ಅಂದಿದ್ರಲ್ಲ?"

ಇವರು ಬಾಟಲಿ ಕೆಳಗಿಟ್ಟರು. "ಹೌದಮ್ಮ. ಮಗು ಏನೋ ಬಾಯಿ ತಪ್ಪಿ ಮಾತಾಡ್ಬುಟ್ಟಳು. ದಯವಿಟ್ಟು ಮನಸ್ಸಿಗೆ ಹಾಕ್ಕೋಬೇಡಿ."

"ಅದಕ್ಕೇ ಕೇಳ್ದೆ" ಎಂದರು ಆಕೆ. "ಕಾರ್ತಿಕದಲ್ಲೇ ಯಾವುದಾದ್ರೂ ಒಳ್ಳೇ ದಿನ ಇದೆಯಾ ನೋಡ್ಸಿ. ನಮ್ಮನೆ ಸೋಫಾ ಮೇಲೂ ಇವರು ಹಿಂಗೇ ಕೂತ್ಕೊಳ್ಳೋದು."